ಕಿವಿಯಲ್ಲಿ ಓಲೆಯಿದೆ, ವಿಳಾಸ ಬದಲಾಗಿದೆ

ಸಂಕ್ರಾಂತಿ ಕಳೆದು ನಾಲ್ಕಾರು ದಿನವಾಗಿತ್ತು. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಹೊರಟರೆ ಕೆಂಗಲ್ ಸಿಗುತ್ತದೆ. ಅಲ್ಲಿನ ಆಂಜನೇಯಸ್ವಾಮಿ ಗುಡಿಯ ಸುತ್ತ ಆ ದಿನಗಳಲ್ಲಿ ದನಗಳದ್ದೇ ರಾಜ್ಯ. ಊರವರ ಬಾಯಲ್ಲಿ ಇದು ಅಯ್ಯನಗುಡಿ ಜಾತ್ರೆ. ಕೆಲವರು ಚಪ್ಪರ ಹಾಕಿ, ಕೆಲವರು ಮರದ ನೆರಳು ಹಿಡಿದು, ಉಳಿದವರು ಬಿಸಿಲಲ್ಲೇ ಗೂಟ ಹೊಡೆದು ಹಳ್ಳಿಕಾರ್ ಜೋಡಿಗಳನ್ನು ಕಟ್ಟಿದ್ದರು. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ, ಮೈಗೆ ಬೆಳಗಿನ ಸ್ನಾನ. ಮದುವೆಗೆ ಹೊರಟ ಗಂಡಿಗೂ ಇಷ್ಟು ಉಪಚಾರ ಇರಲಿಕ್ಕಿಲ್ಲ.

ನಾನು ನಿಂತಿದ್ದ ಕಡೆ ಒಂದು ವ್ಯಾಪಾರ ಕುದುರುತ್ತಿತ್ತು. ಮಾಗಡಿ ಕಡೆಯ ಹಿರಿಯರೊಬ್ಬರ ನಾಲ್ಕು ಹಲ್ಲಿನ ಜೋಡಿ. ಕೊಳ್ಳಲು ಬಂದವರು ಹಾವೇರಿ ಕಡೆಯವರು. ಬಾಯಿ ಬಿಡಿಸಿ ಹಲ್ಲು ನೋಡಿದರು. ಹಣೆಯ ಮೇಲೆ, ಬೆನ್ನಿನ ಮೇಲೆ ಬೆರಳಾಡಿಸಿ ಸುಳಿ ಹುಡುಕಿದರು. ಗೊರಸು ಎತ್ತಿ ನೋಡಿದರು. ಹತ್ತು ಮಾರು ನಡೆಸಿ ಹೆಜ್ಜೆ ನೋಡಿದರು. ಕೊನೆಗೆ ದಲ್ಲಾಳಿ ಇಬ್ಬರ ಕೈ ಮೇಲೂ ಟವೆಲ್ ಹೊದಿಸಿದ. ಅದರಡಿ ಬೆರಳುಗಳು ಮಾತಾಡಿಕೊಂಡವು. ಒಂದು ಗಂಟೆಯೊಳಗೆ ದುಡ್ಡು ಎಣಿಸಿದ್ದಾಯಿತು. ಹಳೆಯ ಹಗ್ಗ ಮಾರಿದವರ ಹೆಗಲೇರಿತು, ಹೊಸ ಹಗ್ಗ ಎತ್ತುಗಳ ಕೊರಳಿಗೆ ಬಿತ್ತು.

ಇಷ್ಟೆಲ್ಲ ನೋಡಿದವರು ನೋಡದೆ ಬಿಟ್ಟ ಒಂದೇ ಒಂದು ವಸ್ತು ಅಲ್ಲಿತ್ತು. ಎರಡೂ ಎತ್ತುಗಳ ಕಿವಿಯಲ್ಲಿ ಹಳದಿ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ. ಅದರ ಮೇಲೆ ಕಪ್ಪು ಗೆರೆಗಳು, ಕೆಳಗೆ ಹನ್ನೆರಡು ಅಂಕಿ. ಅದೇನೆಂದು ಹಿರಿಯರನ್ನು ಕೇಳಿದೆ.

‘ಅದಾ? ಆಸ್ಪತ್ರೆಯೋರು ಸೂಜಿ ಹಾಕಕ್ಕೆ ಬಂದಾಗ ಹಾಕ್ಬುಟ್ಟವ್ರೆ. ಇರ್ಲಿ ಬುಡಿ, ಅದೇನು ಹುಲ್ಲು ಕೇಳ್ತದಾ?’ ಎಂದರು.

ಜಾತ್ರೆಯಲ್ಲಿ ಪಶುಪಾಲನಾ ಇಲಾಖೆಯವರ ಡೇರೆಯಿತ್ತು. ಆ ಹನ್ನೆರಡು ಅಂಕಿಗಳನ್ನು ಬರೆದುಕೊಂಡು ಹೋಗಿ ಅಲ್ಲಿದ್ದ ವೈದ್ಯರಿಗೆ ಕೊಟ್ಟೆ. ಅವರು ಮೊಬೈಲಿನಲ್ಲಿ ಒತ್ತಿದರು. ಎತ್ತಿನ ತಳಿ, ಮಾಲೀಕರ ಹೆಸರು, ಮಾಗಡಿ ತಾಲ್ಲೂಕಿನ ಊರು, ಕಾಲುಬಾಯಿ ಲಸಿಕೆ ಹಾಕಿದ ತಾರೀಖು, ಎಲ್ಲ ಬಂತು. ಹೊತ್ತು ಮುಳುಗುವ ವೇಳೆಗೆ ಎತ್ತುಗಳು ಲಾರಿ ಹತ್ತಿ ಉತ್ತರದ ದಾರಿ ಹಿಡಿದಿದ್ದವು. ಗಣಕಯಂತ್ರದ ಲೆಕ್ಕದಲ್ಲಿ ಮಾತ್ರ ಅವು ಮಾಗಡಿಯ ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿದ್ದವು.

ನಮ್ಮ ದನಗಳಿಗೆ ಕೊಟ್ಟಿರುವ ಸಂಖ್ಯೆಯ ಕಥೆಯೆಲ್ಲ ಈ ಒಂದು ಲಾರಿಯ ದಾರಿಯಲ್ಲಿದೆ.

ಒಡವೆಯೂ ಹೌದು, ಕಾಗದವೂ ಹೌದು

ಇಲಾಖೆಯ ಭಾಷೆಯಲ್ಲಿ ಈ ಬಿಲ್ಲೆಗೆ ‘ಕಿವಿಯೋಲೆ’ ಎಂದು ಹೆಸರು. ಹೆಸರಿಟ್ಟವರಿಗೆ ಕನ್ನಡ ಚೆನ್ನಾಗಿ ಗೊತ್ತಿತ್ತು ಎನ್ನಬೇಕು. ಓಲೆ ಎಂದರೆ ಕಿವಿಯ ಒಡವೆ. ಓಲೆ ಎಂದರೆ ಬರೆದು ಕಳಿಸುವ ಕಾಗದ. ದನದ ಕಿವಿಯಲ್ಲಿರುವುದು ಎರಡೂ ಹೌದು. ಜನರ ಬಾಯಲ್ಲಿ ಇದು ‘ದನದ ಆಧಾರ್’.

ಓಲೆಗೆ ಎರಡು ಭಾಗ. ಮೊನೆಯಿರುವ ಭಾಗ ಕಿವಿಯ ಹಿಂದಿನಿಂದ ತೂರಿ ಮುಂದಿನ ಭಾಗದೊಳಗೆ ಸಿಕ್ಕಿಕೊಳ್ಳುತ್ತದೆ. ಇಕ್ಕಳದಂಥ ಸಲಕರಣೆಯಲ್ಲಿ ಎರಡನ್ನೂ ಜೋಡಿಸಿ, ನಡುಕಿವಿಯಲ್ಲಿ ರಕ್ತನಾಳ ತಪ್ಪಿಸಿ ಒಮ್ಮೆ ಒತ್ತಿದರೆ ಮುಗಿಯಿತು. ದನ ತಲೆ ಕೊಡವುತ್ತದೆ, ಹಾಕಿದವರ ಮುಖಕ್ಕೆ ಬಾಲ ಬೀಸುತ್ತದೆ, ಆಮೇಲೆ ಮರೆಯುತ್ತದೆ. ಒಮ್ಮೆ ಕೂತ ಓಲೆಯನ್ನು ಕತ್ತರಿಸದೆ ತೆಗೆಯಲಾಗದು, ತೆಗೆದದ್ದನ್ನು ಇನ್ನೊಂದು ಕಿವಿಗೆ ಹಾಕಲಾಗದು. ಹನ್ನೆರಡು ಅಂಕಿಗಳಲ್ಲಿ ಒಂದು ಲಕ್ಷ ಕೋಟಿ ಬೇರೆ ಬೇರೆ ಸಂಖ್ಯೆ ಬರೆಯಬಹುದು. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ದನಗಳು 19 ಕೋಟಿ ಚಿಲ್ಲರೆ, ಎಮ್ಮೆಗಳು 11 ಕೋಟಿಗೆ ಸ್ವಲ್ಪ ಕಡಿಮೆ. ಹಾಗಾಗಿ ಸಂಖ್ಯೆಗೆ ಬರ ಬರುವ ಭಯವಿಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಿಬಿಡೋಣ. ಈ ಓಲೆಯೊಳಗೆ ಯಂತ್ರವಿದೆ, ಉಪಗ್ರಹದಿಂದ ನೋಡುತ್ತಾರೆ ಎಂದು ನಂಬಿದವರು ಹಳ್ಳಿಗಳಲ್ಲಿ ಇದ್ದಾರೆ. ‘ಹಸು ತಪ್ಪಿಸ್ಕೊಂಡೈತೆ, ನಂಬರು ಹಾಕಿ ಎಲ್ಲೈತೆ ನೋಡಿ’ ಎಂದು ಪಶು ಆಸ್ಪತ್ರೆಗೆ ಬರುವವರೂ ಉಂಟು. ಓಲೆಯಲ್ಲಿ ಇರುವುದು ಬರೀ ಪ್ಲಾಸ್ಟಿಕ್ ಮತ್ತು ಅಚ್ಚು. ಅದು ಸಂಕೇತ ಕಳಿಸುವುದಿಲ್ಲ, ದಾರಿ ಹೇಳುವುದಿಲ್ಲ. ಎಲೆಕ್ಟ್ರಾನಿಕ್ ಭಾಗ ಏನಿದ್ದರೂ ಇನ್ನೊಂದು ತುದಿಯಲ್ಲಿದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ‘ಇನಾಫ್’ ಎಂಬ ಗಣಕ ಜಾಲವನ್ನು ಬೆಳೆಸಿತ್ತು; ಅದರ ಜಾಗಕ್ಕೆ ಈಗ ‘ಭಾರತ್ ಪಶುಧನ್’ ಬಂದಿದೆ. ಯಾರೋ ಒಬ್ಬರು ದನದ ಹತ್ತಿರ ಹೋಗಿ, ಸಂಖ್ಯೆ ಓದಿ, ಏನಾಯಿತೆಂದು ಬರೆದರೆ ಮಾತ್ರ ಆ ಜಾಲಕ್ಕೆ ಸುದ್ದಿ ಮುಟ್ಟುತ್ತದೆ.

ಸೂಜಿಯ ಹಿಂದಿನ ಲೆಕ್ಕ

ಓಲೆ ಏಕೆ ಬಂತು ಎಂದು ತಿಳಿಯಲು 2013ಕ್ಕೆ ಹೋಗಬೇಕು. ಆ ವರ್ಷದ ಮಳೆಗಾಲದ ಕೊನೆಯಿಂದ ಹಳೇ ಮೈಸೂರು ಸೀಮೆಯ ಜಿಲ್ಲೆಗಳಲ್ಲಿ ಕಾಲುಬಾಯಿ ರೋಗ ಎದ್ದಿತು. ರಾಮನಗರ ಜಿಲ್ಲೆಯೂ ಅದರಲ್ಲಿ ಬೆಂದಿತು. ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಹುಣ್ಣು, ಜೊಲ್ಲು, ಜ್ವರ. ಮೇವು ಮುಟ್ಟದೆ, ಎದ್ದು ನಿಲ್ಲಲಾಗದೆ ಸೀಮೆಹಸುಗಳು ಸಾಲುಸಾಲಾಗಿ ಬಿದ್ದವು. ರಾಜ್ಯದಲ್ಲಿ ಸಾವಿರಾರು ದನಗಳು ಸತ್ತವು. ಬದುಕಿ ಉಳಿದವೂ ಹಿಂದಿನಷ್ಟು ಹಾಲು ಕೊಡಲಿಲ್ಲ. ಕನಕಪುರದ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ‘ಆ ರೋಗ ಬಂದ ವರ್ಸ’ ಎಂದರೆ ಯಾವ ವರ್ಷವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಇದಕ್ಕಿಂತ ಭಯಂಕರವಾದ ದೊಡ್ಡರೋಗವನ್ನು ನಾವು ಗೆದ್ದವರೇ. ಅದರ ವಿರುದ್ಧದ ಸೀರಂ ತಯಾರಿಸಲೆಂದೇ ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿತು. ಭಾರತ 2006ರಲ್ಲಿ ದೊಡ್ಡರೋಗದಿಂದ ಮುಕ್ತವಾಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಆದರೆ ಆ ಗೆಲುವಿನ ಸೂತ್ರ ಇಲ್ಲಿ ಹಾಗೆಯೇ ನಡೆಯದು. ದೊಡ್ಡರೋಗದ ಲಸಿಕೆ ಒಮ್ಮೆ ಹಾಕಿದರೆ ದನದ ಆಯಸ್ಸಿಗೆ ಸಾಕಾಗುತ್ತಿತ್ತು. ಕಾಲುಬಾಯಿ ಲಸಿಕೆಯ ಬಲ ಸುಮಾರು ಆರು ತಿಂಗಳಿಗೆ ಇಳಿಯುತ್ತದೆ. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲ ಸೂಜಿ, ತಿಂಗಳ ನಂತರ ಇನ್ನೊಂದು, ಆಮೇಲೆ ವರ್ಷಕ್ಕೆರಡು ಸಲ, ತಪ್ಪದಂತೆ. ಊರಿನ ದನಗಳಲ್ಲಿ ನೂರಕ್ಕೆ ಎಂಬತ್ತರ ಮೈಯಲ್ಲಾದರೂ ರೋಗ ತಡೆಯುವ ಶಕ್ತಿ ಇದ್ದರೆ ವೈರಸ್ಸಿಗೆ ಹರಡಲು ದಾರಿ ಸಿಗುವುದಿಲ್ಲ.

ಹಾಗಾದರೆ ಯಾವ ದನಕ್ಕೆ ಆಯಿತು, ಯಾವುದಕ್ಕೆ ಬಾಕಿ? ‘ಕೆಂಪಿ’, ‘ಗೌರಿ’, ‘ಹಂಡ’ ಎಂದರೆ ಮನೆಯವರಿಗೆ ಗೊತ್ತಾಗುತ್ತದೆ. ಊರಲ್ಲಿ ಹತ್ತು ಗೌರಿಯರಿರುವಾಗ ಲಸಿಕೆ ಹಾಕುವವರಿಗೆ ಗೊತ್ತಾಗುವುದಿಲ್ಲ. 2019ರ ಸೆಪ್ಟೆಂಬರ್ 11ರಂದು ಪ್ರಧಾನಿ ನರೇಂದ್ರ ಮೋದಿ ಮಥುರಾದಲ್ಲಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟಾಗ ಸೂಜಿಯ ಜೊತೆಗೆ ಓಲೆಯೂ ಬಂದದ್ದು ಈ ಕಾರಣಕ್ಕೆ. 2024ರವರೆಗಿನ ಐದು ವರ್ಷಕ್ಕೆ ಅದಕ್ಕಾಗಿ ತೆಗೆದಿಟ್ಟದ್ದು 12,652 ಕೋಟಿ ರೂಪಾಯಿ. ದನ, ಎಮ್ಮೆ, ಕುರಿ, ಮೇಕೆ, ಹಂದಿ ಸೇರಿ 50 ಕೋಟಿಗೂ ಹೆಚ್ಚು ಪ್ರಾಣಿಗಳಿಗೆ ಲಸಿಕೆ. 2025ರೊಳಗೆ ರೋಗ ಹತೋಟಿಗೆ, 2030ರೊಳಗೆ ನಿರ್ಮೂಲನ ಎಂಬುದು ಅಂದು ಹೇಳಿದ ಗುರಿ. ಲಸಿಕೆ ಹಾಕಿಕೊಂಡೇ ಕಾಲುಬಾಯಿ ಮುಕ್ತ ವಲಯಗಳನ್ನು ಮಾಡಲು ಕೇಂದ್ರ ಮೊದಲು ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಸಂಖ್ಯೆ ನಮಗೆ ಹೊಸದಲ್ಲ

ದನಕ್ಕೆ ಗುರುತು ಹಾಕುವುದು ಈ ಸೀಮೆಗೆ ಹೊಸ ವಿಷಯವೇನಲ್ಲ. ಮೈಸೂರು ಅರಸರ ದನಗಳ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು. ಅವುಗಳಿಗೆಂದೇ ಕಾವಲುಗಳಿದ್ದವು, ಲೆಕ್ಕಕ್ಕೆ ಜನರಿದ್ದರು. ರೈತನ ಮನೆಯಲ್ಲಿ ಬಣ್ಣ, ಕೊಂಬು, ಸುಳಿ, ಹಲ್ಲು, ಇಷ್ಟರಲ್ಲೇ ಗುರುತು ಮುಗಿಯುತ್ತಿತ್ತು. ಕಾದ ಕಬ್ಬಿಣದ ಬರೆಯೂ ಒಂದು ಗುರುತೇ.

ಆಮೇಲೆ ಸಾಲದ ಕಾಲ ಬಂತು. 1980ರ ದಶಕದಲ್ಲಿ ಐ.ಆರ್.ಡಿ.ಪಿ. ಸಾಲದಲ್ಲಿ ಎಮ್ಮೆ, ಹಸು ಕೊಂಡವರಿಗೆ ವಿಮೆಯ ಬಿಲ್ಲೆ ನೆನಪಿರುತ್ತದೆ. ಬ್ಯಾಂಕಿನವರು ಬರುವ ದಿನ ಅಕ್ಕಪಕ್ಕದ ಮನೆಯ ಎಮ್ಮೆ ತಂದು ಕಟ್ಟುವುದು, ಬದುಕಿರುವ ಎಮ್ಮೆಯ ಕಿವಿಯನ್ನು ಬಿಲ್ಲೆ ಸಮೇತ ಕುಯ್ದು ‘ಸತ್ತಿದೆ’ ಎಂದು ತೋರಿಸುವುದು, ಇಂಥ ಕಥೆಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ನಗಲೂ ಅಳಲೂ ಆಗುವಂಥ ಕಥೆಗಳು ಅವು. ಆ ಬಿಲ್ಲೆಗೆ ಪ್ರಾಣವಿರಲಿಲ್ಲ. ಒಂದು ದಿನ ಹಾಕಿ, ಒಂದು ದಿನ ಕೇಳಿ, ನಡುವೆ ಏನಾಯಿತೆಂದು ಯಾರೂ ವಿಚಾರಿಸುತ್ತಿರಲಿಲ್ಲ. ಇವತ್ತಿನ ಓಲೆಗೂ ಅದೇ ಗತಿ ಬರಬಾರದು.

ಹಾಗೆ ಬರಬೇಕಾದ್ದೂ ಇಲ್ಲ. ಸಂಖ್ಯೆಗೆ ಹೆದರುವ ಜಿಲ್ಲೆಯಲ್ಲ ಇದು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಿಗೆ 2025ರಿಂದ ‘ಬೆಂಗಳೂರು ದಕ್ಷಿಣ’ ಎಂದು ಹೊಸ ಹೆಸರು. ಹೆಸರು ಯಾವುದಾದರೂ ಮನೆಗಳ ಆದಾಯ ಎರಡೇ: ಹಾಲು ಮತ್ತು ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಬಂದ ರೈತನಿಗೆ ತನ್ನ ಲಾಟಿನ ನಂಬರು ಬಾಯಿಪಾಠ; ಹರಾಜೂ ಈಗ ಎಲೆಕ್ಟ್ರಾನಿಕ್. ಹಾಲಿನ ಡೇರಿಯಲ್ಲಿ ಸದಸ್ಯರ ನಂಬರು ಒತ್ತಿದರೆ ಎಷ್ಟು ಲೀಟರು, ಎಷ್ಟು ಜಿಡ್ಡು ಎಂದು ಚೀಟಿ ಬರುತ್ತದೆ. ಅಂದರೆ ಹಾಲಿಗೆ ಲೆಕ್ಕವಿದೆ, ಗೂಡಿಗೆ ಲೆಕ್ಕವಿದೆ. ಹಾಲು ಕೊಡುವ ಹಸುವಿನ ಲೆಕ್ಕ ಮಾತ್ರ ಮಾರಾಟದ ಹೊತ್ತಿಗೆ ಕಡಿದುಬೀಳುತ್ತದೆ.

ಒಂದು ಹಸು, ಒಂದು ಅರ್ಜಿ

ಕನಕಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಲಸಿಕೆ ಹಾಕುವವರ ಹಿಂದೆ ಹೋಗಿದ್ದೆ. ಬೆಳಗಿನ ಆರೂವರೆ. ಪಶುವೈದ್ಯಕೀಯ ಪರೀಕ್ಷಕರ ಹೆಗಲಲ್ಲಿ ಲಸಿಕೆಯ ಐಸ್ ಡಬ್ಬಿ, ಕೈಯಲ್ಲಿ ಓಲೆಯ ಇಕ್ಕಳ, ಜೇಬಿನಲ್ಲಿ ಮೊಬೈಲು. ಮೇಯಲು ಬಿಡುವ ಮುಂಚೆ ಊರು ಮುಗಿಸಬೇಕು. ಹಳ್ಳಿಯವರು ಅವರನ್ನೂ ‘ಡಾಕ್ಟ್ರೇ’ ಎನ್ನುತ್ತಾರೆ.

ಮೂರನೆಯ ಮನೆಯ ಹೆಣ್ಣುಮಗಳು ಬಾಗಿಲಲ್ಲೇ ತಡೆದರು. ‘ಬ್ಯಾಡ ಡಾಕ್ಟ್ರೇ, ಸೂಜಿ ಹಾಕಿದ್ರೆ ಎರಡು ದಿನ ಹಾಲು ಕಮ್ಮಿ ಆಯ್ತದೆ.’

‘ರೋಗ ಬಂದ್ರೆ ಹಾಲೇ ಇರಲ್ಲವಲ್ಲಕ್ಕಾ’ ಎಂದರು ಇವರು. ಹಾಲು ಒಂದೆರಡು ದಿನ ತುಸು ಇಳಿಯಬಹುದು, ಮತ್ತೆ ಸರಿಹೋಗುತ್ತದೆ. ಆ ತಾಯಿ ದಾರಿ ಬಿಟ್ಟರು. ಆದರೆ ಓಲೆಯ ಮಾತು ಬಂದಾಗ ಅವರ ದನಿ ಬದಲಾಯಿತು.

ಎರಡು ವರ್ಷದ ಹಿಂದೆ ಅವರ ಎಚ್.ಎಫ್. ಹಸುವೊಂದು ಕರು ಹಾಕುವಾಗ ಸತ್ತಿತ್ತು. ವಿಮೆ ಕಟ್ಟಿದ್ದರು. ಹಣಕ್ಕೆ ಅರ್ಜಿ ಹಾಕಿದಾಗ ಕೇಳಿದ ಮೊದಲ ಪ್ರಶ್ನೆ: ಕಿವಿಯೋಲೆ ಎಲ್ಲಿ? ಅದಕ್ಕೂ ನಾಲ್ಕು ತಿಂಗಳ ಹಿಂದೆ ಲಂಟಾನದ ಪೊದೆಗೆ ಸಿಕ್ಕಿ ಓಲೆ ಹರಿದುಹೋಗಿತ್ತು. ಕಿವಿಗೆ ಅರಿಶಿನ, ಬೇವಿನೆಣ್ಣೆ ಹಚ್ಚಿ ಗಾಯ ವಾಸಿ ಮಾಡಿದ್ದರು. ಕಳೆದುಹೋದದ್ದನ್ನು ಆಸ್ಪತ್ರೆಗೂ ವಿಮೆಯವರಿಗೂ ತಿಳಿಸಿ ಹೊಸ ಓಲೆ ಹಾಕಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಓಲೆಯಿಲ್ಲದಿದ್ದರೆ ಹಣವಿಲ್ಲ ಎಂಬುದು ಜಾನುವಾರು ವಿಮೆಯ ಹಳೆಯ ನಿಯಮ. ಸತ್ತದ್ದು ಇವರ ಹಸುವೇ; ಆದರೆ ಅದು ಆ ಹಸುವೇ ಎಂದು ತೋರಿಸಲು ದಾರಿಯಿರಲಿಲ್ಲ. ಅರ್ಜಿ ಬಿದ್ದುಹೋಯಿತು. ಕಂತಿನ ಸಾಲ ಮಾತ್ರ ಉಳಿಯಿತು.

ಈಗ ಅವರ ಕೊಟ್ಟಿಗೆಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಸಾಲುಗಳಿವೆ. ಪ್ರತಿ ಹಸುವಿನ ಹೆಸರು, ಓಲೆಯ ಕೊನೆಯ ನಾಲ್ಕು ಅಂಕಿ, ಸೂಜಿ ಹಾಕಿದ ದಿನ, ಗಬ್ಬ ಕಟ್ಟಿಸಿದ ದಿನ. ಪರೀಕ್ಷಕರು ಮೊಬೈಲು ತೆಗೆದು ಹೋಲಿಸಿದರು. ಮೊಬೈಲಿನಲ್ಲಿ ನಾಲ್ಕು ಹಸು ಇದ್ದವು. ಗೋಡೆಯ ಮೇಲೆ ಮೂರು. ನಾಲ್ಕನೆಯದನ್ನು ಹಿಂದಿನ ವರ್ಷವೇ ಮಾರಿದ್ದರು. ಗೋಡೆಯ ಲೆಕ್ಕವೇ ಸರಿ.

ಇಷ್ಟಾದರೂ ಆ ಮೊಬೈಲಿನ ಲೆಕ್ಕ ಬೇಕೇ ಬೇಕು. ಗೋಡೆ ಊರು ಬಿಟ್ಟು ಬರುವುದಿಲ್ಲ. ಕೃತಕ ಗರ್ಭಧಾರಣೆಯ ನಳಿಕೆಯ ಮೇಲೆ ಹೋರಿಯ ಸಂಖ್ಯೆ ಇರುತ್ತದೆ. ಅದನ್ನು ಹಸುವಿನ ಸಂಖ್ಯೆಯ ಜೊತೆ ಬರೆದಿಟ್ಟರೆ ಮುಂದೆ ಹುಟ್ಟುವ ಕಡಸಿಗೆ ಅದರ ಅಪ್ಪನದೇ ವೀರ್ಯ ಕೊಡುವ ತಪ್ಪು ಆಗುವುದಿಲ್ಲ. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಆಸ್ಪತ್ರೆಯ ವೈದ್ಯರಿಗೆ ಹಿಂದಿನ ಚಿಕಿತ್ಸೆ ಏನೆಂದು ತಿಳಿದರೆ ಅರ್ಧ ಕೆಲಸ ಹಗುರ. ಹಸು ಕೊಳ್ಳುವವನಿಗೆ ‘ಇದು ಎರಡನೇ ಸೂಲು’ ಎಂಬ ದಲ್ಲಾಳಿಯ ಮಾತು ನಿಜವೋ ಸುಳ್ಳೋ ಗೊತ್ತಾಗುತ್ತದೆ. ಇದೆಲ್ಲ ಬರೆದಿದ್ದರೆ ಮಾತ್ರ.

ಇಂಗ್ಲೆಂಡಿನ ಕುರಿಸಂತೆ

ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಹಳ ಬೆಲೆ ತೆತ್ತ ಪಾಠವೊಂದು ದೂರದ ದೇಶದಲ್ಲಿದೆ. 2001ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನಲ್ಲಿ ಇದೇ ಕಾಲುಬಾಯಿ ರೋಗ ಪತ್ತೆಯಾಯಿತು. ಪತ್ತೆಯಾಗುವ ಮುಂಚೆಯೇ ರೋಗ ತಗುಲಿದ ಕುರಿಗಳು ಉತ್ತರದ ಹೆಕ್ಸ್‌ಹ್ಯಾಮ್, ಲಾಂಗ್‌ಟೌನ್ ಸಂತೆಗಳಲ್ಲಿ ಕೈ ಬದಲಾಯಿಸಿ ದೇಶದ ಮೂಲೆಮೂಲೆಗೆ ಹೋಗಿದ್ದವು. ಯಾವ ಕುರಿ ಎಲ್ಲಿಗೆ ಹೋಯಿತೆಂದು ಒಂದೊಂದಾಗಿ ಹೇಳುವ ಲೆಕ್ಕ ಇರಲಿಲ್ಲ. ರೋಗ ತಡೆಯಲು ಅಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಅವುಗಳಲ್ಲಿ ಎಷ್ಟಕ್ಕೋ ರೋಗವೇ ಇರಲಿಲ್ಲ.

ನಮ್ಮ ಜಾತ್ರೆಗೂ ಆ ಸಂತೆಗೂ ಈ ಮಟ್ಟಿಗೆ ವ್ಯತ್ಯಾಸವಿಲ್ಲ. ಕಾಲುಬಾಯಿ ತಗುಲಿದ ದನ ಹುಣ್ಣು ಕಾಣುವ ಮುಂಚೆಯೇ ವೈರಸ್ ಚೆಲ್ಲತೊಡಗುತ್ತದೆ. ನೋಡಲು ಆರೋಗ್ಯವಾಗಿರುವ ಎತ್ತು ಜಾತ್ರೆಯಿಂದ ಲಾರಿ ಹತ್ತಿದ ಮೂರನೆಯ ದಿನ ಜೊಲ್ಲು ಸುರಿಸಿದರೆ, ಅದು ಬಂದ ಊರು ಯಾವುದು, ಪಕ್ಕದಲ್ಲಿ ಕಟ್ಟಿದ್ದ ದನಗಳು ಎಲ್ಲಿಗೆ ಹೋದವು ಎಂದು ಆ ದಿನವೇ ತಿಳಿಯಬೇಕು. ತಿಳಿಯದಿದ್ದಾಗ ಉಳಿಯುವುದು ಒಂದೇ ಉಪಾಯ: ಎಲ್ಲ ಜಾತ್ರೆಗಳನ್ನೂ ನಿಲ್ಲಿಸುವುದು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ಹಾಗೆಯೇ ದನದ ಜಾತ್ರೆ, ಸಂತೆಗಳಿಗೆ ತಡೆ ಬಿತ್ತು. ವರ್ಷವಿಡೀ ಹೋರಿ ಸಾಕಿ ಜಾತ್ರೆಗೆ ಕಾದ ರೈತ ಸುಮ್ಮನೆ ಮನೆಯಲ್ಲಿ ಕುಳಿತ.

ಹೊರದೇಶಗಳು ಈಗ ಓಲೆಯೊಳಗೇ ಚಿಪ್ ಇಡುತ್ತಿವೆ. ತಾಮ್ರದ ತಂತಿಯ ಒಂದು ಸುರುಳಿ, ಅದಕ್ಕೊಂದು ಸಾಸಿವೆ ಕಾಳಿನಷ್ಟು ಚಿಪ್, ಬ್ಯಾಟರಿಯಿಲ್ಲ. ಓದುವ ಯಂತ್ರ ಹತ್ತಿರ ಬಂದು 134.2 ಕಿಲೊಹರ್ಟ್ಸ್‌ನ ಅಲೆ ಬೀರಿದಾಗ ಸುರುಳಿಯಲ್ಲಿ ಕ್ಷಣಕಾಲ ವಿದ್ಯುತ್ ಹುಟ್ಟುತ್ತದೆ, ಚಿಪ್ಪು ತನ್ನ 15 ಅಂಕಿಯನ್ನು ಹೇಳಿ ಮತ್ತೆ ನಿದ್ದೆ ಹೋಗುತ್ತದೆ. ಸೆಗಣಿ ಮೆತ್ತಿದ್ದರೂ, ಕತ್ತಲಿದ್ದರೂ ಓದಬಹುದು, ಅಂಕಿ ತಪ್ಪಾಗದು. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಜನರಿಗಿಂತ ದನಗಳು ಮೂರು ಪಟ್ಟು ಹೆಚ್ಚು. ಅಲ್ಲಿ 2006ರಿಂದ ದನಗಳಿಗೆಲ್ಲ ಇದು ಕಡ್ಡಾಯ. ಆಸ್ಟ್ರೇಲಿಯಾ 2025ರಿಂದ ಹೊಸದಾಗಿ ಹುಟ್ಟುವ ಕುರಿ, ಮೇಕೆಗಳಿಗೂ ಕಡ್ಡಾಯ ಮಾಡಿದೆ.

ಆದರೆ ಅಲ್ಲೂ ಚಿಪ್ಪು ತಾನಾಗಿ ಯಾರನ್ನೂ ಹಿಂಬಾಲಿಸುವುದಿಲ್ಲ. ಸಂತೆಯ ಬಾಗಿಲಲ್ಲಿ ಓದುವ ಯಂತ್ರವಿದೆ; ಮಾರಿದವರು, ಕೊಂಡವರು ಇಂತಿಷ್ಟು ದಿನದೊಳಗೆ ತಿಳಿಸಬೇಕೆಂಬ ನಿಯಮವಿದೆ. ಆ ಬಾಗಿಲು ಮತ್ತು ಆ ನಿಯಮ ಇಲ್ಲದಿದ್ದರೆ ಚಿಪ್ಪೂ ಒಂದೇ, ನಮ್ಮ ಹಳದಿ ಪ್ಲಾಸ್ಟಿಕ್ಕೂ ಒಂದೇ.

ಯಾಕೆ ಹೇಳುವುದಿಲ್ಲ?

ಮಾರಿದ್ದನ್ನು ರೈತರು ಬಂದು ಹೇಳುವುದಿಲ್ಲವೇಕೆ? ಒಂದು ಕಾರಣ ಸುಲಭದ್ದು: ಹೇಳಬೇಕೆಂದು ಗೊತ್ತಿಲ್ಲ. ಇನ್ನೊಂದು ದಾರಿಯದ್ದು: ಹತ್ತಾರು ಹಳ್ಳಿಗೆ ಒಬ್ಬ ಪರೀಕ್ಷಕರು, ಅವರು ಸಿಗುವ ಹೊತ್ತಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು. ಮೂರನೆಯದನ್ನು ಜನ ಗಟ್ಟಿಯಾಗಿ ಹೇಳುವುದಿಲ್ಲ. ಅದು ಭಯ.

ಕರ್ನಾಟಕದ 2020ರ ಗೋಹತ್ಯೆ ನಿಷೇಧ ಮತ್ತು ಜಾನುವಾರು ಸಂರಕ್ಷಣಾ ಕಾಯ್ದೆಯಂತೆ 13 ವರ್ಷ ದಾಟಿದ ಎಮ್ಮೆ, ಕೋಣಗಳ ಹೊರತು ಯಾವ ದನವನ್ನೂ ಕಡಿಯುವಂತಿಲ್ಲ, ಸಾಗಣೆಗೂ ನಿಯಮಗಳಿವೆ. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಆದರೆ ಬತ್ತಿದ ಹಸು, ಸೀಮೆಹಸುವಿನ ಗಂಡು ಕರು ಮನೆಯಲ್ಲಿರುವ ರೈತ ಓಲೆಯನ್ನು ನೋಡುವ ಕಣ್ಣೇ ಬೇರೆ. ‘ನಾನು ನ್ಯಾಯವಾಗೇ ಮಾರ್ತೀನಿ ಸ್ವಾಮಿ. ಆಮ್ಯಾಕೆ ಅದು ಯಾರ ಕೈಗೆ ಹೋಯ್ತದೋ ನನಗೇನ್ ಗೊತ್ತು? ನಂಬರು ಮಾತ್ರ ನನ್ನ ಹೆಸರಲ್ಲೇ ಇರ್ತದಲ್ಲ’ ಎಂದವರು ಚನ್ನಪಟ್ಟಣ ಕಡೆಯ ರೈತರೊಬ್ಬರು. ಈ ಭಯಕ್ಕೆ ಹಲವರು ಕಂಡುಕೊಂಡ ಉಪಾಯ ಸುಮ್ಮನಿರುವುದು. ನಿಜ ನೋಡಿದರೆ ಮಾರಿದ ದಿನವೇ ಬರೆಸುವುದೇ ಅವರಿಗೆ ರಕ್ಷಣೆ: ಇಂಥ ದಿನ, ಇಂಥವರಿಗೆ ಮಾರಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ರೋಗ ತಡೆಯಲು ಹಾಕಿದ ಸಂಖ್ಯೆಯನ್ನು ಕೇಸು ಹಾಕಲು ಬಳಸುತ್ತಾರೆಂಬ ಅನುಮಾನ ಇರುವ ತನಕ ರೈತ ಬಾಯಿ ಬಿಡುವುದಿಲ್ಲ. ಅನುಮಾನ ಕಳೆಯಬೇಕಾದ್ದು ಸರ್ಕಾರ.

ಆಗಬೇಕಾದ್ದು ದೊಡ್ಡದೇನಲ್ಲ. ಅಯ್ಯನಗುಡಿ, ಮಾಗಡಿ ತಿರುಮಲೆ ರಂಗನಾಥಸ್ವಾಮಿಯಂಥ ಜಾತ್ರೆಗಳಲ್ಲಿ ಇಲಾಖೆಯ ಡೇರೆ ಹೇಗೂ ಇರುತ್ತದೆ. ಹೊರಹೋಗುವ ದಾರಿಯಲ್ಲಿ ಇನ್ನೊಂದು ಮೇಜು ಹಾಕಿ, ಮಾರಿದವರು, ಕೊಂಡವರು ಇಬ್ಬರೂ ಇರುವಾಗಲೇ ಸಂಖ್ಯೆ ಬದಲಿಸಿ ಕೈಗೊಂದು ಚೀಟಿ ಕೊಟ್ಟರೆ ಐದು ನಿಮಿಷದ ಕೆಲಸ. ಊರಲ್ಲಿ ನಡೆಯುವ ಮಾರಾಟಕ್ಕೆ ಹಾಲಿನ ಡೇರಿಯ ಕಾರ್ಯದರ್ಶಿ ಇದ್ದಾರೆ, ಈಗ ಪಶುಸಖಿಯರೂ ಇದ್ದಾರೆ. ಬೆಳಗ್ಗೆ ಸಂಜೆ ಎರಡು ಹೊತ್ತು ಹಾಲು ಹಾಕಲು ಬರುವ ಜನ, ‘ಗೌರೀನ ಮಾರ್ಬುಟ್ಟೆ’ ಎಂದು ಅಲ್ಲೇ ಹೇಳಿ ಬರೆಸಬಹುದು. ಓಲೆ ಬಿದ್ದುಹೋದರೂ ಅಲ್ಲೇ ಹೇಳಬಹುದು. ಚಿಪ್ಪಿನ ಓಲೆ ಆಮೇಲೆ ಬರಲಿ. ಬಂದಾಗ ಅದಕ್ಕೆ ದಾರಿ ಸಿದ್ಧವಾಗಿರುತ್ತದೆ.

ಲಾರಿ ಹೋದ ಮೇಲೆ

ಅಯ್ಯನಗುಡಿಯಲ್ಲಿ ಕತ್ತಲಾಗುತ್ತಿತ್ತು. ಮಾಗಡಿಯ ಹಿರಿಯರು ಹಳೆಯ ಹಗ್ಗಗಳನ್ನು ಸುತ್ತಿಕೊಂಡು ಬಸ್ಸಿಗೆ ಹೊರಟಿದ್ದರು. ನನ್ನನ್ನು ನೋಡಿ ನಿಂತರು.

‘ಆ ನಂಬರು ಬರ್ಕೊಂಡ್ರಲ್ಲ, ಅದ ಹಾಕಿದ್ರೆ ಈಗ ಎಲ್ಲವೆ ಅಂತ ಗೊತ್ತಾಯ್ತದಾ?’

ಇಲ್ಲ, ಕೊಂಡವರ ಊರಿನ ಡಾಕ್ಟರು ಬರೆಯುವ ತನಕ ಅವು ನಿಮ್ಮ ಕೊಟ್ಟಿಗೆಯಲ್ಲೇ ಇರುತ್ತವೆ ಎಂದೆ. ಮುಂದಿನ ಸೂಜಿಯ ಸರದಿ ಬಂದಾಗಲೂ ನಿಮ್ಮ ಊರಲ್ಲೇ ಹುಡುಕುತ್ತಾರೆ, ಅಲ್ಲಿ ಯಾರೂ ಕೇಳದೇ ಹೋಗಬಹುದು ಎಂದೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಎರಡು ವರ್ಷ ಮಕ್ಕಳಂತೆ ಸಾಕಿದ ಜೋಡಿ. ಆಮೇಲೆ ಜೇಬಿನಿಂದ ಸಣ್ಣ ಮೊಬೈಲು ತೆಗೆದು, ದಲ್ಲಾಳಿಯಿಂದ ಇಸಕೊಂಡಿದ್ದ ಚೀಟಿ ಬಿಡಿಸಿ, ನನ್ನ ಕೈಗೆ ಕೊಟ್ಟು ನಂಬರು ಒತ್ತಿಸಿದರು.

‘ಯಜಮಾನ್ರೇ, ನಾನು ಎತ್ತು ಕೊಟ್ಟೋನು. ಲಾರೀಲಿ ನೀರು ಕುಡ್ಸಿದ್ರಾ? ಇನ್ನೊಂದ್ ವಿಷ್ಯ. ಕಿವೀಲಿ ಹಳದಿ ಬಿಲ್ಲೆ ಅದೆಯಲ್ಲ, ಕೀಳ್ಬ್ಯಾಡಿ. ಊರಿಗೋಗಿ ನಿಮ್ಮ ಡಾಕ್ಟ್ರಿಗೆ ತೋರ್ಸಿ, ನಿಮ್ಮ ಹೆಸರಿಗೆ ಬರಿಸ್ಕಳಿ. ಸೂಜಿ ತಪ್ಪಿಸ್ಬ್ಯಾಡಿ.’

ಆ ಕಡೆಯಿಂದ ಏನು ಉತ್ತರ ಬಂತೋ, ಲಾರಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅವರು ತಲೆಯಾಡಿಸಿ ಮೊಬೈಲನ್ನು ಜೇಬಿಗೆ ಹಾಕಿದರು, ಹಗ್ಗವನ್ನು ಹೆಗಲ ಮೇಲೆ ಸರಿ ಮಾಡಿಕೊಂಡು ಬಸ್ಸಿನ ಕಡೆ ನಡೆದರು.